ಕೊನೆಯ ವಾರಕ್ಕೊಬ್ಬ ಎದುರಾಳಿ

ಆರ್ಲೋ ಮತ್ತು ನೆಡ್ರಾ ದಂಪತಿಯನ್ನು ನಾನು ಮೊದಲು ಕಂಡದ್ದು ಇಂಡಿಯಾನಾದ ಕೋಲ್ಟರ್ ಊರಿನಲ್ಲಿ, ಒಂದು ಫೆಬ್ರವರಿ ಬೆಳಿಗ್ಗೆ. ಅಲ್ಲಿನ ಶಾಲೆಗೆ ಭೂಗೋಳದ ಮೇಷ್ಟ್ರಾಗಿ ಬಂದಿದ್ದ ನಾನು, ಅವರ ಮಹಡಿಯ ಕೋಣೆ ಬಾಡಿಗೆಗಿದೆಯೆಂದು ಕೇಳಿ ಬಾಗಿಲು ತಟ್ಟಿ, ಹೊಸ ಮೇಷ್ಟ್ರು ಬಂದಿದ್ದೇನೆಂದು ಕೂಗಿದೆ. ಬಾಗಿಲು ತೆರೆಯಿತು, ಜಗಳ ಮಾತ್ರ ನಿಲ್ಲಲಿಲ್ಲ.

ಆರ್ಲೋ: ಪಿಕೆಟ್ ಕಾಲೇಜು ಕೊಡು ಅಂದ್ರೆ ಬ್ರಾಂಟ್ಲಿ ಕೊಟ್ಟಿದ್ದೀಯಲ್ಲ! ಅದೂ ಅವರ ಊರಲ್ಲೇ! ಒಳಗೆ ಬನ್ನಿ ಮೇಷ್ಟ್ರೇ, ಚಳಿ.

ನೆಡ್ರಾ: ಪಿಕೆಟ್‌ನ ಸೋಲಿಸಿ ಏನ್ಮಾಡ್ತೀಯ? ಆ ಹುಡುಗರು ಚೆಂಡನ್ನ ಬುಟ್ಟಿಗೆ ಹಾಕೋದಿರಲಿ, ತೆರೆದ ಬಾಗಿಲಿಗೂ ಹಾಕಲಾರರು.

ಆರ್ಲೋ: ಅದಕ್ಕೇ ಕೇಳಿದ್ದು!

ಆರ್ಲೋ ಕೋಲ್ಟರ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್. ನೆಡ್ರಾ ಇರುವುದು ಸುತ್ತಲಿನ ಹತ್ತು ಕಾಲೇಜುಗಳು ಸೇರಿ ಕಟ್ಟಿಕೊಂಡ ಕೂಟದ ಕಚೇರಿಯಲ್ಲಿ. ಯಾರು ಯಾರೊಡನೆ ಎಲ್ಲಿ ಆಡಬೇಕೆಂದು ಗೊತ್ತುಮಾಡುವುದು ಆಕೆಯ ಕೆಲಸ. ಆಟದ ಋತುವಿನ ಕೊನೆಯ ವಾರವನ್ನು ಆಕೆ ಬೇಕೆಂದೇ ಖಾಲಿ ಬಿಟ್ಟು, ಯಾರು ಬಲಿತಿದ್ದಾರೆಂದು ನೋಡಿಕೊಂಡು ಆಮೇಲೆ ಜೋಡಿ ಹಾಕುತ್ತಿದ್ದರು. ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಗೆ ಆರ್ಲೋ ತಮ್ಮ ಜೀವಮಾನದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಈ ವರ್ಷ ಆಸೆ ಬಾಗಿಲವರೆಗೆ ಬಂದು ನಿಂತಿತ್ತು.

ನೆಡ್ರಾ: ಪಿಕೆಟ್‌ನ ಗೆದ್ರೆ ನೀನು ರಾಷ್ಟ್ರೀಯ ರ್‍ಯಾಂಕ್ ಪಟ್ಟೀಲಿ ಕೆಳಗಿಳೀತೀಯ.

ಆರ್ಲೋ: ಸೋತ್ರೆ ತಾನೆ?

ನೆಡ್ರಾ: ಗೆದ್ರೆ.

ಆರ್ಲೋ: ಸರಿ. ಬ್ರಾಂಟ್ಲಿಗೆ ಹೋಗಿ ಸೋತ್ರೆ?

ನೆಡ್ರಾ: ಇದ್ದಲ್ಲೇ ಇರ್ತೀಯ. ಕೂದಲೆಳೆಯಲ್ಲಿ ಸೋತ್ರೆ ಮರ್ಯಾದೆ ಬೇರೆ.

ಆರ್ಲೋ: ಮೇಷ್ಟ್ರೇ, ನೀವೇ ಹೇಳಿ. ಪಾಸಾದ ಹುಡುಗನನ್ನ ಕೆಳಗಿನ ತರಗತಿಗೆ ಕಳಿಸ್ತೀರಾ?

ನಾನು: ನಾನು ಕೋಣೆ ನೋಡೋಣ ಅಂತ...

ನೆಡ್ರಾ: ಮೇಷ್ಟ್ರೇ, ಕಾಲೇಜು ಹುಡುಗ ಒಂದನೇ ಕ್ಲಾಸಿನ ಮಗ್ಗಿ ಒಪ್ಪಿಸಿದ್ರೆ ಬಹುಮಾನ ಕೊಡ್ತೀರಾ?

ನಾನು: ಆ ಕೋಣೆಗೆ ಕಿಟಕಿ ಇದೆಯೇ?

ಇಬ್ಬರೂ: ಇದೆ!

ನೆಡ್ರಾ: ನೋಡು, ಮಾರ್ಚ್‌ಗೆ ತಂಡ ಆರಿಸೋ ಸಮಿತಿಯವರು ಎಷ್ಟು ಗೆದ್ದೆ ಅಂತ ಮಾತ್ರ ನೋಡಲ್ಲ. ಯಾರ ಮೇಲೆ ಆಡ್ದೆ, ಎಲ್ಲಿ ಆಡ್ದೆ ಅಂತ ಕೇಳ್ತಾರೆ. ನವೆಂಬರ್‌ನಲ್ಲಿ ನಿನ್ನನ್ನ ದೊಡ್ಡ ಯೂನಿವರ್ಸಿಟಿಗಳಿಗೆ ಯಾಕೆ ಅಟ್ಟಿದ್ದು?

ಆರ್ಲೋ: ನಾನಿಲ್ದಾಗ ಮನೆ ನೆಮ್ಮದಿಯಾಗಿರಲಿ ಅಂತ.

ನೆಡ್ರಾ: ಅದೂ ಒಂದು. ಈಗ ಕೇಳು. ಕೊನೆಯ ವಾರ ಆದ್ಮೇಲೆ ನಡೆಯೋ ಕೂಟದ ಕಪ್ ಗೆದ್ದವರು ರಾಷ್ಟ್ರೀಯ ಪಂದ್ಯಾವಳಿಗೆ ನೇರ ಹೋಗ್ತಾರೆ. ಇನ್ನೊಬ್ಬರೂ ಹೋಗಬೇಕು ಅಂದ್ರೆ ಸಮಿತಿ ಕರೀಬೇಕು. ನಿನ್ನನ್ನ ಕರೀಬಹುದು, ನೀನು ಗಟ್ಟಿಯವರ ಮೇಲೆ ಆಡಿದ್ದೀಯ. ಬ್ರಾಂಟ್ಲಿಯವರು ಗಟ್ಟಿಗರೇ, ಆದ್ರೆ ಹೊರಗಿನ ದೊಡ್ಡವರ ಮೇಲೆ ಆಡೇ ಇಲ್ಲ; ಕಪ್ ಇಲ್ದೆ ಅವರನ್ನ ಯಾರೂ ಕರಿಯಲ್ಲ.

ಆರ್ಲೋ ಕಾಫಿಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

ಆರ್ಲೋ: ಅಂದ್ರೆ, ಫೈನಲ್‌ನಲ್ಲಿ ಬ್ರಾಂಟ್ಲಿ ನನ್ನನ್ನ ಸೋಲಿಸಿದ್ರೆ ನಮ್ಮ ಕೂಟದಿಂದ ಇಬ್ಬರು ಹೋಗ್ತಾರೆ. ನಿಮ್ಮ ಆಫೀಸಿಗೆ ಹಬ್ಬ.

ನೆಡ್ರಾ: ಆಫೀಸಿಗೆ.

ಆರ್ಲೋ: ನಿನಗೆ?

ನೆಡ್ರಾ: ನಾನು ಕೆಲಸ ಮಾಡೋದು ಅದೇ ಆಫೀಸಲ್ಲಿ ತಾನೆ?

ಆರ್ಲೋ: ಮೇಷ್ಟ್ರೇ, ಸಾಕ್ಷಿಗೆ ನೀವಿದ್ದೀರಿ! ಕಟ್ಟಿಕೊಂಡ ಹೆಂಡತಿ ನನ್ನ ಸೋಲಿಗೆ ಮುಹೂರ್ತ ಇಡ್ತಿದ್ದಾಳೆ!

ನೆಡ್ರಾ: ಸೋಲು ಅಂದೆನಾ, ಪೆದ್ದ? ಸೋತರೂ ಮುಳುಗಬಾರದು ಅಂತ ಇಡೀ ಚಳಿಗಾಲ ದೋಣಿ ಕಟ್ಟಿದ್ದೀನಿ. ನೀನು ಅದಕ್ಕೆ ತೂತು ಕೊರೀತಿದ್ದೀಯ!

ನಾನು ಕೋಣೆಯನ್ನು ನೋಡದೆಯೇ ಒಪ್ಪಿಕೊಂಡೆ. ಇಂಥ ಮನೆ ಮತ್ತೆಲ್ಲಿ ಸಿಕ್ಕೀತು?

ಕೊನೆಯ ವಾರ ಆರ್ಲೋ ಬ್ರಾಂಟ್ಲಿಗೆ ಹೋಗಿ ಗೆದ್ದೇ ಬಂದರು. ಬಂದವರು, "ದಾರಿ ಬಹಳ ದೂರ" ಎಂದು ಗೊಣಗಿದರು.

ಕೂಟದ ಕಪ್ಪಿನ ಫೈನಲ್‌ಗೆ ಬಂದದ್ದೂ ಈ ಎರಡೇ ತಂಡಗಳು. ನಾನು ನೆಡ್ರಾ ಪಕ್ಕದಲ್ಲಿ ಕುಳಿತಿದ್ದೆ. ಕಚೇರಿಯವರು ಯಾರ ಪಕ್ಷವನ್ನೂ ವಹಿಸಬಾರದಲ್ಲ. ಆಕೆ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಇಗರ್ಜಿಯಲ್ಲಿ ಕುಳಿತಂತೆ ಕುಳಿತಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ಬ್ರಾಂಟ್ಲಿ ಒಂದೇ ಅಂಕ ಮುಂದಿತ್ತು. ಆಗ ರೆಫರಿ ಕೋಲ್ಟರ್ ಹುಡುಗನೊಬ್ಬನ ಮೇಲೆ ಫೌಲ್ ಎಂದು ಸೀಟಿ ಊದಿದ.

ನೆಡ್ರಾ: (ಬೆಂಚಿನ ಮೇಲೆ ಹತ್ತಿ ನಿಂತು) ಏಯ್! ಕಣ್ಣಿಗೇನು ಮೆತ್ಕೊಂಡಿದ್ದೀಯೋ? ಅವನು ಮುಟ್ಟೇ ಇಲ್ಲ!

ನಾನು: ನೆಡ್ರಾ ಅವರೇ, ಕೂತ್ಕೊಳ್ಳಿ. ಬ್ರಾಂಟ್ಲಿ ಗೆದ್ರೆ ಆಫೀಸಿಗೆ...

ನೆಡ್ರಾ: ಆಫೀಸು ಹಾಳಾಗಿ ಹೋಗ್ಲಿ! ಆರ್ಲೋ! ಎಡಗಡೆ ಹುಡುಗನಿಗೆ ಚೆಂಡು ಕೊಡಿಸೋ!

ಆಕೆಯ ಪಾಪ್‌ಕಾರ್ನ್ ಮುಂದಿನ ಸಾಲಿನ ಪಾದ್ರಿಗಳ ಟೋಪಿಯ ಮೇಲೆ ಸುರಿಯಿತು. ಕೋಲ್ಟರ್ ಸೋತಿತು. ಆರ್ಲೋ ಮುಖ ಗಂಟಿಕ್ಕಿಕೊಂಡು ನಮ್ಮತ್ತ ಬಂದರು. ಹೆಂಡತಿಯ ಮೂಗು ಕೆಂಪಾಗಿದ್ದುದನ್ನು ಕಂಡು ತಬ್ಬಿಬ್ಬಾದರು.

ಆರ್ಲೋ: ಲೆಕ್ಕ ನೀನಂದ ಹಾಗೇ ಆಯ್ತಲ್ಲೇ. ಅಳೋದ್ಯಾಕೆ?

ನೆಡ್ರಾ: ಲೆಕ್ಕ ಸರಿ ಇದೆ. ಆ ಸೀಟಿ ಸರಿ ಇಲ್ಲ!

ಭಾನುವಾರ ಸಂಜೆ ಟೀವಿಯಲ್ಲಿ ಆಯ್ಕೆಯಾದ ತಂಡಗಳ ಹೆಸರು ಓದತೊಡಗಿದರು. ಬ್ರಾಂಟ್ಲಿ ಬೇಗನೆ ಬಂದಿತು. ಆಮೇಲೆ ಬಂದವರೆಲ್ಲ ಬೇರೆಯವರು. ಇನ್ನೇನು ಮುಗಿಯಿತೆಂದು ಆರ್ಲೋ ತಟ್ಟೆಗಳನ್ನು ಎತ್ತಿಕೊಂಡು ಎದ್ದರು. ಆಗ "ಕೋಲ್ಟರ್" ಎಂದಿತು ಟೀವಿ. ತಟ್ಟೆಗಳು ಒಂದು ಕಡೆ, ಆರ್ಲೋ ಇನ್ನೊಂದು ಕಡೆ.

ಆರ್ಲೋ: ಸೋತು ಹೋಗ್ತಿದ್ದೀವಿ ಕಣೇ! ಸೋತು ಹೋಗ್ತಿದ್ದೀವಿ!

ಆ ಮಾತು ಕೇಳಿ ಗಾಬರಿಯಾಗಿ ಓಡಿಬಂದ ನೆರೆಮನೆಯಾಕೆ, ಅಡುಗೆಮನೆಯಲ್ಲಿ ಇಬ್ಬರೂ ಕುಣಿಯುವುದನ್ನು ಕಂಡು ತಾನೂ ಸೇರಿಕೊಂಡಳು. ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ಆರ್ಲೋ ಹುಡುಗರು ಭರ್ಜರಿಯಾಗಿ ಸೋತರು. ಊರು ಅವರನ್ನು ಬ್ಯಾಂಡ್ ಬಾರಿಸಿ ಬರಮಾಡಿಕೊಂಡಿತು.

ಈಗ ಇಬ್ಬರೂ ನಿವೃತ್ತರು. ವಾರಕ್ಕೊಮ್ಮೆ ಇಗರ್ಜಿಯ ಹಾಲಿನಲ್ಲಿ ಇಸ್ಪೀಟು ಆಡಲು ಹೋಗುತ್ತಾರೆ. ಆರ್ಲೋ ಹುಡುಕಿಕೊಂಡು ಹೋಗಿ ಕೂರುವುದು ಊರಿಗೇ ಗಟ್ಟಿಗರಾದ ಇಬ್ಬರು ಅಕ್ಕತಂಗಿಯರ ಮೇಜಿಗೆ. ಪ್ರತಿ ವಾರವೂ ಸೋತು, ಮೀಸೆ ತಿರುವಿಕೊಂಡು ಏಳುತ್ತಾರೆ. ನೆಡ್ರಾ ಕೂರುವುದು ಹೊಸದಾಗಿ ಕಲಿಯುವವರ ಮೇಜಿನಲ್ಲಿ. ಮೊನ್ನೆಯೂ ಆಕೆಯೇ ಗೆದ್ದು, ಬಹುಮಾನದ ಚೆರ್ರಿ ಪೈ ಹಿಡಿದು ಬಂದರು.

ಆರ್ಲೋ: ನಾಚಿಕೆ ಆಗಲ್ವೇನೇ? ಯಾರನ್ನ ಗೆದ್ದೆ ಅಂತ ಒಂದು ಸಲ ನೋಡ್ಕೊಂಡೆಯಾ?

ನೆಡ್ರಾ: ಇಲ್ಲಿ ಸಮಿತಿ ಇಲ್ಲ, ಆರ್ಲೋ. ಪೈ ಇದೆ. ಹೋಗಿ ಚಾಕು ತಾ.