ಗಂಡು ಮರಿ ಹುಟ್ಟಿದರೆ ತಪ್ಪು ಯಾರದ್ದು?

ಶಿಸ್ತಾಗಿ ಬದುಕಬೇಕು ಎನ್ನುವವರ ಮನೆಯಲ್ಲೇ ನಗುವಂಥದ್ದು ಹೆಚ್ಚು ನಡೆಯುತ್ತದೆ. ಕೋಡಿಂಬಾಳದ ನಮ್ಮ ರಬ್ಬರ್ ಮರಗಳ ಅಡಿಯ ಹುಲ್ಲು ಮೇಯಲಿ ಎಂದು ಘಟ್ಟದ ಮೇಲಿನಿಂದ ಎರಡು ಕುರಿ, ಒಂದು ಟಗರು ತರಿಸಿದ ಮೇಲಂತೂ ಅದಕ್ಕೆ ಬಿಡುವೇ ಇಲ್ಲ.

೧. ಪಾಠ

ಮಂದೆ ಬೆಳೆಯಬೇಕಾದರೆ ಹೆಣ್ಣು ಮರಿ ಬೇಕು. ನಮ್ಮಲ್ಲಿ ಹುಟ್ಟಿದ್ದೆಲ್ಲ ಗಂಡು. ಅತ್ತೆ ಕೊಟ್ಟಿಗೆಗೆ ಬಂದು ಕುರಿಗಳನ್ನು ಬೈದರು. “ಒಂದು ಹೆಣ್ಣು ಹೆರ್ಲಿಕ್ಕೆ ನಿಮಗೆ ಎಂತ ಕಷ್ಟ?”

“ಅತ್ತೆ, ಅವನ್ನು ಬೈಯಬೇಡಿ. ಮರಿ ಗಂಡೋ ಹೆಣ್ಣೋ ಎಂಬುದು ಟಗರಿನಿಂದ ನಿರ್ಧಾರ ಆಗುವುದು. ಮನುಷ್ಯರಲ್ಲೂ ಹಾಗೆಯೇ, ಗಂಡಸಿನಿಂದ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಸರಿಯಾಗಿಯೇ ಕಲಿಸಿದ್ದಾರೆ.”

ನನಗೆ ಮೂವರು ಹೆಣ್ಣುಮಕ್ಕಳು. ಪ್ರತಿ ಬಾಣಂತನದಲ್ಲೂ ಅತ್ತೆ ಬೈದದ್ದು ನನ್ನನ್ನೇ. ಈಗ ಅವರು ಪಕ್ಕದಲ್ಲಿ ಹುಲ್ಲು ಹಾಕುತ್ತಿದ್ದ ತಮ್ಮ ಮಗನ, ಎಂದರೆ ನನ್ನ ಗಂಡನ, ಮುಖ ನೋಡಿ ನನ್ನತ್ತ ತಿರುಗಿದರು.

“ಇದನ್ನು ಆಗಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?”

“ಹೇಳಲು ಬಾಯಿ ತೆರೆದಿದ್ದೆ. ಹೆತ್ತವಳು ಹೆಚ್ಚು ಮಾತಾಡಬಾರದು, ಹೊಟ್ಟೆಗೆ ಗಾಳಿ ಹೋಗುತ್ತದೆ ಎಂದವರು ನೀವೇ.”

೨. ಔಷಧ

ಅತ್ತೆ ಒಂದು ಮಾತು ಒಪ್ಪಿದರೆ ಪೂರ್ತಿ ಒಪ್ಪುತ್ತಾರೆ. ಮರುದಿನವೇ ಹೆಣ್ಣು ಮರಿ ಹುಟ್ಟಲೆಂದು ಟಗರಿಗೆ ಕಷಾಯ ಕುದಿಸಿದರು. ಕಷಾಯದಿಂದ ಅಂಥದ್ದೆಲ್ಲ ಆಗುವುದಿಲ್ಲ ಎಂದೆ, ಕೇಳಲಿಲ್ಲ. ಟಗರು ಮೂಸಿ ಮುಖ ತಿರುಗಿಸಿತು.

ಅತ್ತೆ ಮಗನಿಗೆ ಹೇಳಿದರು, “ನೀನು ಕುಡಿದು ತೋರ್ಸು. ನಿನ್ನನ್ನು ನೋಡಿ ಅದೂ ಕುಡಿದೀತು.”

ನಾನು ಲೋಟ ತೊಳೆದು ಕೊಟ್ಟೆ. ಗಂಡ ಒಂದು ಗುಟುಕು ಕುಡಿದರು. ಅವರ ಮುಖ ನೋಡಿ ಟಗರು ಮತ್ತಷ್ಟು ಹಿಂದೆ ಸರಿಯಿತು.

“ಇನ್ನು ಚೆಲ್ಲಬಹುದಲ್ಲ?” ಎಂದರು.

“ನಮ್ಮ ಮನೆಯಲ್ಲಿ ಲೋಟದಲ್ಲಿ ಉಳಿಸುವ ಕ್ರಮ ಇಲ್ಲ,” ಎಂದೆ.

೩. ತೀರ್ಪು

ದೊಡ್ಡ ಕುರಿ ಮತ್ತೆ ಗಬ್ಬವಾಯಿತು. ಈ ಸಲವೂ ಗಂಡಾದರೆ ಟಗರು ನಿಮಗೆ ಎಂದು ಅತ್ತೆ ಕಡಬ ಪೇಟೆಯ ಮಾಂಸದ ವ್ಯಾಪಾರಿ ಬ್ಯಾರಿಗೆ ಮಾತು ಕೊಟ್ಟರು. ಗಂಡು ಹೆಣ್ಣು ಸರಿ ಅರ್ಧ ಅರ್ಧ ಬರುತ್ತವೆ, ತಾಳ್ಮೆ ಇರಲಿ ಎಂದ ನನ್ನ ಮಾತಿಗೆ ಬೆಲೆ ಇಲ್ಲ. ಗಂಡನಿಗೆ ಮಾತ್ರ ಊಟ ಸೇರಲಿಲ್ಲ. ಕಷಾಯದ ದಿನದಿಂದ ಅವರಿಗೂ ಟಗರಿಗೂ ಬಹಳ ಸ್ನೇಹ.

ಕುರಿ ಅವಳಿ ಹಾಕಿತು. ಒಂದು ಗಂಡು, ಒಂದು ಹೆಣ್ಣು.

ಹಗ್ಗ ಹಿಡಿದು ಬಂದಿದ್ದ ಬ್ಯಾರಿ, “ಗಂಡು ಬಂತಲ್ಲ, ಟಗರು ನಂದು,” ಎಂದರು.

“ಹೆಣ್ಣೂ ಬಂತಲ್ಲ ಮಾರಾಯ್ರೆ, ಟಗರು ನಮ್ದು,” ಎಂದರು ಅತ್ತೆ.

“ನಾನು ಹೇಳಿರಲಿಲ್ಲವೇ? ಸರಿ ಅರ್ಧ ಅರ್ಧ,” ಎಂದೆ ನಾನು.

“ಹಾಗಾದ್ರೆ ಟಗರನ್ನೂ ಸರಿ ಅರ್ಧ ಮಾಡುವ, ಅಮ್ಮ,” ಎಂದರು ಬ್ಯಾರಿ. “ ಕತ್ತಿ ನನ್ನ ಹತ್ರವೇ ಉಂಟು.”

ಗಂಡ ಓಡಿ ಹೋಗಿ ಟಗರಿನ ಕುತ್ತಿಗೆ ತಬ್ಬಿಕೊಂಡರು. “ಇವನನ್ನು ಕೊಂಡುಹೋಗುದಾದ್ರೆ ನನ್ನನ್ನೂ ಕೊಂಡುಹೋಗಿ!”

ಬ್ಯಾರಿ ನಗುತ್ತ ಹಗ್ಗ ಸುತ್ತಿ ಹೆಗಲಿಗೆ ಹಾಕಿದರು. ಆಮೇಲೆ ಗಂಡನ ಸುತ್ತ ಒಂದು ಸುತ್ತು ಬಂದು, ಬೆನ್ನಿನ ಮೇಲೆ ಅಂಗೈ ಒತ್ತಿ ನೋಡಿದರು.

“ಟಗರು ನೀವೇ ಇಟ್ಕೊಳ್ಳಿ ಧಣಿ. ನಿಮ್ಮನ್ನೂ ಬೇಡ. ತೂಕ ಉಂಟು, ಆದ್ರೆ ಈ ಪ್ರಾಯದ್ದು ಬೇಯ್ಲಿಕ್ಕೆ ಸೌದೆ ತುಂಬ ಬೇಕು.”