ಅಬಾಬೀಲ್ ಅಲ್ಲ ಎಂದವನ ಪಾಡು

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕೆಲವರಿಗೆ ನೀರು ಕುಡಿದಷ್ಟು ಸುಲಭ. ನನಗೆ ಮಾತ್ರ ಅದು ಒಗ್ಗುವುದಿಲ್ಲ. ಇದು ಸ್ವಭಾವದ ದೋಷವೋ, ವೃತ್ತಿಯ ದೋಷವೋ ಎಂದು ನಾನೂ ನನ್ನ ಹೆಂಡತಿ ಶಮೀಮಳೂ ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದೇವೆ. ನಾನು ಹಾವೇರಿಯಿಂದ ದಿನವೂ ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ, ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ದರ್ಜೆ ನೋಡುವವನು. ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿಕೊಂಡು, ಇದು ಕಡ್ಡಿ, ಇದು ಡಬ್ಬಿ, ಇದರಲ್ಲಿ ಬೇರೆ ಸೀಮೆಯ ಕಾಯಿ ಬೆರೆತಿದೆ ಎಂದು ಥಟ್ಟನೆ ಹೇಳಬೇಕು. ಉದ್ದಕ್ಕೆ ತೆಳ್ಳಗೆ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಕ್ಕೆ ಉಬ್ಬಿಕೊಂಡಿದ್ದು ಡಬ್ಬಿ. ಹೇಳಿದ ಮೇಲೆ ತಲೆ ಕೆರೆದುಕೊಂಡು “ತಡೀರಿ, ಇನ್ನೊಮ್ಮೆ ನೋಡ್ತೀನಿ” ಎಂದವನನ್ನು ಮಾರುಕಟ್ಟೆಯಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಈ ಅಭ್ಯಾಸವನ್ನು ಮನೆಗೂ ತಂದದ್ದು ನನ್ನ ತಪ್ಪು.

ನಮ್ಮ ಮನೆ ಹಾವೇರಿಯ ಕೆರೆಯ ಕಡೆಗಿದೆ. ಈ ಸಲ ಬೇಸಿಗೆ ಶುರುವಾಗುವಾಗ ಎರಡು ಸಣ್ಣ ಹಕ್ಕಿಗಳು ಕೆರೆಯಂಚಿನ ಕೆಸರನ್ನು ಬಾಯಲ್ಲಿ ಕಚ್ಚಿ ತಂದು, ಮುಂಬಾಗಿಲ ಮೇಲೆ ಬಿಸಿಲು ಮಳೆಗೆಂದು ಚಾಚಿದ ಸಜ್ಜಾ ಕೆಳಗೆ ಮೆತ್ತತೊಡಗಿದವು. ಉಂಡೆಯ ಮೇಲೆ ಉಂಡೆ ಅಂಟಿಸಿ, ಅರ್ಧ ಒಡೆದ ಬಟ್ಟಲನ್ನು ಗೋಡೆಗೆ ಕೂಡಿಸಿದಂತಹ ಗೂಡು ಎದ್ದಿತು, ಕೆಲವು ವಾರಗಳಲ್ಲಿ ಒಂದು ಹಕ್ಕಿ ಕಾವಿಗೂ ಕುಳಿತಿತು. ಬೇರೆ ದಿನವಾಗಿದ್ದರೆ ಇದ್ದುಕೊಳ್ಳಲಿ ಬಿಡು ಎನ್ನುತ್ತಿದ್ದೆವು. ಆದರೆ ಮಗಳು ನಾಜ್ನೀನಳ ನಿಶ್ಚಿತಾರ್ಥಕ್ಕೆ ರಾಣೆಬೆನ್ನೂರಿನಿಂದ ಬೀಗರು ಬರುವವರಿದ್ದರು. ಮನೆಗೆ ಬಣ್ಣ ಹೊಡೆಯಲು ಪೇಂಟರ್ ದಸ್ತಗೀರ ಮುಂದಿನ ಭಾನುವಾರ ಬರುವುದೆಂದು ಗೊತ್ತಾಗಿತ್ತು. ಬೀಗರು ಮೊದಲು ಕಾಲಿಡುವುದು ಆ ಬಾಗಿಲಲ್ಲೇ, ಹಕ್ಕಿಗಳು ಹಿಕ್ಕೆ ಹಾಕುವುದೂ ಅಲ್ಲೇ. ಗೂಡು ಕೆಡವಿಸಿರಿ ಎಂದು ಶಮೀಮ್ ಪಟ್ಟು ಹಿಡಿದಳು.

ನನ್ನ ತಾಯಿ, ಅಮ್ಮಿ, ಅಡ್ಡ ಬಂದಳು. ಅದು ಅಬಾಬೀಲ್ ಆಗಿದ್ದರೆ ಮುಟ್ಟಬಾರದು ಎಂದಳು. ದೇವರ ಮನೆ ಕೆಡವಲು ಬಂದ ಆನೆಗಳ ದಂಡನ್ನು ಸಣ್ಣ ಹರಳುಗಳಿಂದ ಹಿಮ್ಮೆಟ್ಟಿಸಿದ ಆ ಹಕ್ಕಿಗಳ ಕಥೆಯನ್ನು ನನಗೆ ತುತ್ತಿಗಿಷ್ಟರಂತೆ ಹೇಳಿ ಊಟ ಮಾಡಿಸಿದವಳು ಅವಳು. ನಮ್ಮ ಮನೆಯ ಮಾತು ಉರ್ದು. ಆದರೆ ಗಂಭೀರ ವಿಷಯ ಬಂದರೆ ಅಮ್ಮಿ ಕನ್ನಡಕ್ಕೆ ಇಳಿಯುತ್ತಾಳೆ, ಅಕ್ಕಪಕ್ಕದವರು ಸಾಕ್ಷಿಯಾಗಲಿ ಎಂದು. ಅಂಗಳದಲ್ಲಿ ಖುರ್ಚಿ ಹಾಕಿ ಕುಳಿತು ಕೇಳಿದಳು: “ನೀ ದೊಡ್ಡ ಪರೀಕ್ಷಾ ಮಾಡಾಂವ ಅದಿಯಲ್ಲ, ನೋಡಿ ಹೇಳು. ಅಬಾಬೀಲ್ ಹೌದೋ ಅಲ್ಲೋ?”

ನಾನು ಕತ್ತೆತ್ತಿ ನೋಡಿದೆ. ಬೆನ್ನು ಹೊಳೆಯುವ ನೀಲಿ, ಹೊಟ್ಟೆ ಬಿಳಿ, ನೆತ್ತಿಯ ಮೇಲೆ ಒಣಗಿದ ಡಬ್ಬಿ ಕಾಯಿಯ ಬಣ್ಣದ ಟೊಪ್ಪಿಗೆ. ಬಾಲ ಮಾತ್ರ ಮೊಂಡು. ಚಿಕ್ಕಂದಿನಲ್ಲಿ ರಾಣೆಬೆನ್ನೂರಿನ ಸೋದರಮಾವನ ಮನೆಯೆದುರು ಚಳಿಗಾಲದಲ್ಲಿ ತಂತಿಯ ಮೇಲೆ ಸಾಲಾಗಿ ಕೂರುತ್ತಿದ್ದ ಅಬಾಬೀಲ್‌ಗಳಿಗೆ ಕತ್ತರಿಯಂತೆ ಸೀಳಿದ ಬಾಲವಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಬಾಲ ಸೀಳಿಲ್ಲ, ಆದ್ದರಿಂದ ಅಬಾಬೀಲ್ ಅಲ್ಲ, ಯಾವುದೋ ಸಾದಾ ಹಕ್ಕಿ ಎಂದು ಚೀಲದ ಬಾಯಿ ಕಟ್ಟಿದಂತೆ ತೀರ್ಪು ಕೊಟ್ಟೆ. ಅಮ್ಮಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಆಗಲಿ ಎಂದು ಎದ್ದು ಒಳಗೆ ಹೋದಳು. ನನ್ನ ಮಾತಿಗೆ ಅವಳು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಅಂಗಡಿಯಲ್ಲಿ ಚಹಾದ ಹೊತ್ತಿಗೆ ಈ ಸಂಗತಿಯನ್ನು ಜಂಬದಿಂದಲೇ ಹೇಳಿದೆ. ಅಗಡಿ ಎಂಬ ಊರಿನಿಂದ ಬರುವ ಹಮಾಲ ಬಸಪ್ಪ ಕೇಳಿಸಿಕೊಂಡ. ಹಂಗಾಮಿನ ಘಾಟಿಗೆ ನಾವೆಲ್ಲ ಮಾತಿಗೊಮ್ಮೆ ಸೀನುತ್ತೇವೆ, ಬಸಪ್ಪ ಸೀನುವುದಿಲ್ಲ. ಆದ್ದರಿಂದ ಅವನ ಮಾತು ಯಾವಾಗಲೂ ಪೂರ್ತಿಯಾಗಿ ಕೇಳಿಸುತ್ತದೆ. ಕತ್ತರಿ ಬಾಲದವು ಥಂಡಿಯಲ್ಲಿ ಬಂದು ಹೋಗುವ ಹಕ್ಕಿಗಳು, ಇಲ್ಲಿ ಗೂಡು ಕಟ್ಟುವುದಿಲ್ಲ ಎಂದ. ಕೆಂಪು ಟೊಪ್ಪಿಗೆಯವು ವರ್ಷವಿಡೀ ಇಲ್ಲಿಯೇ ಇರುವ ಅದೇ ಜಾತಿಯ ಇನ್ನೊಂದು ಬಗೆಯಂತೆ. ನೀರು ಬಿಟ್ಟು ದೂರ ಹೋಗುವುದಿಲ್ಲ, ಅವರೂರಿನ ಸಿಡಿ, ಎಂದರೆ ರಸ್ತೆಯ ಸಣ್ಣ ಸೇತುವೆಯ ಕೆಳಗೆ ಪ್ರತಿ ವರ್ಷ ಮಣ್ಣಿನ ಬಟ್ಟಲು ಕಟ್ಟುತ್ತವಂತೆ. “ಬಾಲ ಮೊಂಡ ಕಾಣ್ತೈತಿ ಖರೇ ಸಾಹೇಬ್ರ. ಆದ್ರ ಅದರ ಎರಡೂ ತುದಿಗೆ ಕೂದಲೆಳಿಯಂಥಾ ಒಂದೊಂದು ತಂತಿ ಇರ್ತಾವ. ಗಂಡಿಗೆ ಉದ್ದ, ಹೆಣ್ಣಿಗೆ ಗಿಡ್ಡ. ನಿಮಗ ಕಾಣಲಿಲ್ಲೇನು?”

ಕಾಣಲಿಲ್ಲ. ಹಾಗೆಂದು ಹೇಳುವುದು ಹೇಗೆ? ಇಲ್ಲಿ ಒಂದು ಗುಟ್ಟು ಬಿಚ್ಚಬೇಕು. ಎರಡು ವರ್ಷಗಳಿಂದ ನನಗೆ ದೂರದ್ದು ಮಸುಕು. ಮೆಣಸಿನಕಾಯಿ ಅಂಗೈಗೆ ಬರುತ್ತದೆ, ಚಿಂತೆಯಿಲ್ಲ. ಬಸ್ಸಿನ ಬೋರ್ಡು ಅಂಗೈಗೆ ಬರುವುದಿಲ್ಲ. ಹೋದ ವರ್ಷ ಬ್ಯಾಡಗಿಯ ಬಸ್ಸೆಂದು ಹತ್ತಿ ರಾಣೆಬೆನ್ನೂರಿನಲ್ಲಿ ಇಳಿದು, ಮಾವನನ್ನು ಮಾತಾಡಿಸಲು ಬೇಕೆಂದೇ ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದ್ದೆ. ದರ್ಜೆ ನೋಡುವವನ ಮೂಗಿನ ಮೇಲೆ ಕನ್ನಡಕ ಕಂಡರೆ ರೈತರೂ ಖರೀದಿದಾರರೂ ಇವನ ಕಣ್ಣು ಹೋಯಿತೆಂದು ಪಕ್ಕದ ಅಂಗಡಿಗೆ ನಡೆದುಬಿಡುತ್ತಾರೆಂಬ ಭಯ. ಆ ಭಯಕ್ಕೆ ಈಗ ಗೂಡು ಬಲಿಯಾಗಲಿತ್ತು.

ಅಂದಿನಿಂದ ನನಗೆ ನೆಮ್ಮದಿ ಇಲ್ಲವಾಯಿತು. ಗೂಡಿನೊಳಗಿಂದ ಚಿಲಿಪಿಲಿ ಕೇಳತೊಡಗಿತ್ತು, ಮರಿಗಳಾಗಿದ್ದವು. ಹಕ್ಕಿಗಳೆರಡೂ ಕೆರೆಯ ಮೇಲೆ ಹಾರುತ್ತಲೇ ಹುಳ ಹಿಡಿದು ತಂದು, ನಿಲ್ಲದೆ ಬಾಯಿಗಿಟ್ಟು ಹೊರಡುತ್ತಿದ್ದವು. ಹೋಗುವಾಗ ಬರುವಾಗ ನಾನು ಬಾಲದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಸತ್ಯ ಹೇಳುವ ಬದಲು ಬಣ್ಣದ ಕೆಲಸವನ್ನೇ ಮುಂದೂಡಲು ನೋಡಿದೆ. ಮಳೆ ಬರುವ ಹಾಗಿದೆ ಎಂದೆ, ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಹಳದಿ ಬೇಡ ಹಸಿರು ಎಂದೆ, ಹಸಿರು ಬೇಡ ಮತ್ತೆ ಹಳದಿ ಎಂದೆ. ನಿಶ್ಚಿತಾರ್ಥ ನಿಮ್ಮದೋ ಮಗಳದೋ ಎಂದು ಶಮೀಮ್ ಕೇಳಿದಳು. ನನಗೋ ಮುಗಿಲಿನಿಂದ ಸಣ್ಣ ಹರಳೊಂದು ಗುರಿಯಿಟ್ಟು ನನ್ನ ನೆತ್ತಿಗೇ ಬರುತ್ತಿದೆ ಎನಿಸುತ್ತಿತ್ತು. ಶನಿವಾರ ಅಂಗಡಿಯಲ್ಲಿ ಒಂದು ಚೀಲವನ್ನು ಎರಡು ಸಲ ಬಿಚ್ಚಿ ನೋಡಿದೆ. ಬಸಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಅಮ್ಮಿಯ ದೂರ ನೋಡುವ ಕನ್ನಡಕವನ್ನು ಕದ್ದು ಮೂಗಿಗೇರಿಸಿ ಅಂಗಳಕ್ಕೆ ಬಂದೆ. ಹಕ್ಕಿ ಎದುರಿನ ತಂತಿಯ ಮೇಲೆ ಕುಳಿತು ಗರಿ ತಿದ್ದಿಕೊಳ್ಳುತ್ತಿತ್ತು. ಮೊಂಡು ಬಾಲದ ಎರಡು ತುದಿಗಳಿಂದ ಎರಡು ಕಪ್ಪು ಎಳೆಗಳು ಕೆಳಗಿಳಿದು ಗಾಳಿಗೆ ಸಣ್ಣಗೆ ತೂಗುತ್ತಿದ್ದವು. ಇಷ್ಟು ದಿನ ಇದ್ದವು, ನನ್ನ ಮನೆಯ ಬಾಗಿಲಲ್ಲೇ ಇದ್ದವು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆಗಲೇ ದಸ್ತಗೀರ ಏಣಿ ಹೊತ್ತುಕೊಂಡು ಗೇಟಿನೊಳಗೆ ಬಂದು, ನೇರವಾಗಿ ಬಾಗಿಲಿನ ಪಕ್ಕಕ್ಕೇ ಆನಿಸಿದ.

ನಾನು ಓಡಿಹೋಗಿ ಏಣಿ ಹಿಡಿದುಕೊಂಡೆ. ಗೂಡು ಮುಟ್ಟಬೇಡ, ಅದು ಅಬಾಬೀಲೇ, ನಾನು ಹೇಳಿದ್ದು ತಪ್ಪು, ನನಗೆ ದೂರದ್ದು ಕಾಣುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ದಸ್ತಗೀರ ಏನೂ ಅರ್ಥವಾಗದವನಂತೆ ನಿಂತು, “ಆ ಮೂಲಿಗೆ ಬ್ರಷ್ ಸೈತ ತಾಗಿಸಬ್ಯಾಡ ಅಂತ ಅಮ್ಮಾ ಅವರು ಮೊನ್ನೇನ ಹೇಳಿ ಕಳಿಸ್ಯಾರಲ್ರಿ ಭಾಯಿ” ಎಂದ.

ಹಿಂದೆ ಅಮ್ಮಿ ನಿಂತಿದ್ದಳು. “ನನ್ನ ಚಷ್ಮಾ ತಗದು ಕೊಡು” ಎಂದು ಕೈ ಚಾಚಿದಳು. “ಹಕ್ಕಿ ಯಾವುದಂತ ನನಗ ಗೊತ್ತಿತ್ತು. ನಿನಗ ಕಾಣ್ತೈತೋ ಇಲ್ಲೋ ಅಂತ ಕೇಳಿದ್ದೆ.” ರಾಣೆಬೆನ್ನೂರಿನ ಬಸ್ಸಿನ ದಿನದಿಂದಲೂ ಅವಳಿಗೆ ಅನುಮಾನವಿತ್ತಂತೆ.

ಬೀಗರು ಬಂದು ಹೋದರು. ಹಳದಿ ಗೋಡೆಯ ನಡುವೆ ಬಣ್ಣ ಬಳಿಯದೆ ಬಿಟ್ಟ ಜಾಗವನ್ನೂ ಅದರ ಕೆಳಗೆ ಹಾಸಿದ್ದ ಹಳೆಯ ಗೋಣಿಚೀಲವನ್ನೂ ನೋಡಿ ಸ್ವಲ್ಪ ಬದಿಗೆ ಸರಿದು ಒಳಗೆ ಬಂದರು. ನನಗೂ ಕನ್ನಡಕ ಬಂದಿದೆ. ಮಾರುಕಟ್ಟೆಯಲ್ಲಿ ಯಾರೂ ಪಕ್ಕದ ಅಂಗಡಿಗೆ ಓಡಿಹೋಗಲಿಲ್ಲ. ಕೆಲವರಂತೂ ಇನ್ನೂ ಗಮನಿಸಿಲ್ಲ, ಅವರ ಕಣ್ಣಿನ ಬಗ್ಗೆ ನನಗೆ ಚಿಂತೆಯಾಗಿದೆ. ಮೊನ್ನೆ ಸಂಜೆ ಮರಿಗಳು ಮೊದಲ ಸಲ ಹೊರಬಂದು ತಂತಿಯ ಮೇಲೆ ಕುಳಿತಿದ್ದವು. ಎಷ್ಟಿವೆ ನೋಡು ಎಂದು ಅಮ್ಮಿ ಕೇಳಿದಳು. ಎಣಿಸಿ ನಾಲ್ಕು ಎಂದೆ. “ಮೂರು ಇರಬೇಕ ನೋಡು” ಎಂದಳು. ನಾನು ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ಸರಿಯಾಗಿ ನಾಲ್ಕೇ ಇದ್ದವು. ಆದರೂ ಹೌದು, ಮೂರೇ ಎಂದೆ.

ಅಮ್ಮಿ ನಿಟ್ಟುಸಿರುಬಿಟ್ಟಳು. “ನಾಲ್ಕ ಅದಾವ. ಕಣ್ಣು ಬಂದ್ವು, ಧೈರ್ಯ ಹೋತು ನಿನ್ನದು.”

ನಾಳೆ ಬ್ಯಾಡಗಿಯಲ್ಲಿ ಯಾರಾದರೂ ಕಡ್ಡಿಯ ಚೀಲ ತೋರಿಸಿ ಇದು ಡಬ್ಬಿಯಲ್ಲವೇ ಎಂದು ಕೇಳಿಬಿಟ್ಟರೆ ಏನು ಮಾಡುವುದೆಂಬ ಹೊಸ ಚಿಂತೆ ಈಗ ನನಗೆ ಹತ್ತಿಕೊಂಡಿದೆ.