ಬಾದಾಮ್ ಅಡ್ಡ ಬಂದ ಶನಿವಾರ

ರಘೋತ್ತಮನ ಮನೆಗೆ ಬೆಂಕಿ ಹತ್ತಿದ್ದು ನಲವತ್ತು ಸೆಕೆಂಡಿನ ಒಂದು ವಿಡಿಯೋದಿಂದ. ಜಪಾನಿನ ಸಮುದ್ರದಲ್ಲೊಂದು ಪುಟ್ಟ ದ್ವೀಪ. ಅಲ್ಲಿ ಉಳಿದಿರುವ ಮನುಷ್ಯರು ಹತ್ತೋ ಹನ್ನೆರಡೋ. ಬೆಕ್ಕುಗಳು ಮಾತ್ರ ನೂರೈವತ್ತು. ದೋಣಿ ಇಳಿದವರ ಕಾಲಿಗೆ ಹಿಂಡು ಹಿಂಡಾಗಿ ಬಂದು ಸುತ್ತಿಕೊಳ್ಳುತ್ತವೆ. ಮಗಳು ವಿಭಾ ಅದನ್ನು ಅಮ್ಮನಿಗೆ ತೋರಿಸಿದಳು. ಅಮ್ಮ ವಸುಧಾ, "ಅಯ್ಯೋ, ಆ ಮರಿ ನೋಡೇ!" ಅಂದಳು. ಮಾರನೆಯ ದಿನವೇ ಮೂರು ಟಿಕೆಟ್ ಆಗಿಹೋದವು. ಶನಿವಾರ ಹೊರಡುವುದು, ಮುಂದಿನ ಶುಕ್ರವಾರ ವಾಪಸು.

ರಘೋತ್ತಮನಿಗೆ ಸಿಟ್ಟು ಬಂದದ್ದು ಬೆಕ್ಕಿನ ಮೇಲಲ್ಲ, ಶನಿವಾರದ ಮೇಲೆ. ಅದೇ ಸಂಜೆ ಪಕ್ಕದೂರು ಹೇವರ್ಡ್‌ನ ಶಿವಪ್ರಕಾಶ್ ಮನೆಯಲ್ಲಿ ಗಮಕ ವಾಚನವಿತ್ತು. ಮೈಸೂರಿನಿಂದ ಸಮುದ್ರ ದಾಟಿ ಮಗಳನ್ನು ನೋಡಲು ಬಂದಿದ್ದ ಜಗನ್ನಾಥಾಚಾರ್ಯರು, ಎಂಬತ್ತೊಂದು ವರ್ಷದವರು, ಒಂದೇ ಒಂದು ಸಲ ಓದಲು ಒಪ್ಪಿದ್ದರು. ರಘೋತ್ತಮ ಅಜ್ಜಿಯ ತೊಡೆಯ ಮೇಲೆ ಷಟ್ಪದಿ ಕೇಳುತ್ತ ಬೆಳೆದವನು. ಆಚಾರ್ಯರ ದನಿಯನ್ನು ಮೂರನೆಯ ಕ್ಲಾಸಿನಲ್ಲಿದ್ದಾಗ ರೇಡಿಯೋದಲ್ಲಿ ಕೇಳಿದ್ದ. ಆ ದನಿಯ ಎದುರು ಒಮ್ಮೆ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಬೇಕೆಂಬುದು ಅವನ ನಲವತ್ತು ವರ್ಷದ ಆಸೆ.

"ಒಂದು ವಾರ ಮುಂದೆ ಹಾಕೋಣ" ಅಂದ.

"ಕಾವ್ಯಾನ ಯೂಟ್ಯೂಬಲ್ಲೂ ಕೇಳಬಹುದಲ್ರೀ" ಅಂದಳು ವಸುಧಾ.

'ಬೆಕ್ಕನ್ನೂ ಯೂಟ್ಯೂಬಲ್ಲೇ ನೋಡಬಹುದಲ್ಲ' ಎಂಬ ಉತ್ತರ ಅವನಿಗೆ ಹೊಳೆದದ್ದು ಎರಡು ದಿನದ ಮೇಲೆ, ಫ್ರೀವೇಯಲ್ಲಿ, ಒಬ್ಬನೇ ಇದ್ದಾಗ. ಅದಕ್ಕಾಗಿ ಇನ್ನಷ್ಟು ಸಿಟ್ಟು ಬಂತು. ಅವನ ಸಿಟ್ಟಿನ ಕಷ್ಟವೇ ಅದು. ಕುಕ್ಕರಿನ ಹಾಗೆ ಒಳಗೊಳಗೇ ಬೇಯುತ್ತಿತ್ತೇ ಹೊರತು, ಕೂಗಬೇಕಾದ ಹೊತ್ತಿಗೆ ಸೀಟಿ ಹೊಡೆಯುತ್ತಿರಲಿಲ್ಲ.

ಉಪಾಯ ಹೊಳೆದದ್ದು ಶುಕ್ರವಾರ. ವಸುಧಾ ಮೂತ್ರಪಿಂಡದ ಡಾಕ್ಟರು. ಅವರಿರುವ ಡ್ಯಾನ್‌ವಿಲ್‌ನ ಅರ್ಧ ಊರು ಅವಳ ಮಾತನ್ನು ನಂಬಿ ಉಪ್ಪು ಬಿಟ್ಟಿದೆ. ಅಂಥವಳಿಗೂ ಒಂದು ನಂಬಿಕೆ ಮಾತ್ರ ಗಟ್ಟಿ: ಹೊರಟಾಗ ಬೆಕ್ಕು ಅಡ್ಡ ಬಂದರೆ ಹೋಗಬಾರದು. ಮೆಡಿಕಲ್ ಪರೀಕ್ಷೆಯ ದಿನ ಬೆಕ್ಕು ಅಡ್ಡ ಬಂದದ್ದನ್ನು ಲೆಕ್ಕಿಸದೆ ಹೋಗಿ, ಬಸ್ಸು ಕೆಟ್ಟು, ಒಂದು ವರ್ಷ ಕಳೆದುಕೊಂಡವಳು ಅವಳು.

ಆದರೆ ಡ್ಯಾನ್‌ವಿಲ್‌ನಲ್ಲಿ ಬೆಕ್ಕು ಅಡ್ಡ ಬರಬೇಕಲ್ಲ! ಈ ಊರಿನ ಬೆಕ್ಕುಗಳು ಬೀದಿಗೇ ಇಳಿಯುವುದಿಲ್ಲ. ಸೋಫಾದ ಮೇಲೆ ಹುಟ್ಟಿ ಸೋಫಾದ ಮೇಲೆ ಮುದಿಯಾಗುತ್ತವೆ. ಹಾಗಾಗಿ ರಘೋತ್ತಮ ಎದುರುಮನೆಯ ಸಮದ್ ಹತ್ತಿರ ಹೋದ. ಸಮದ್ ಮೈಸೂರಿನವನು, ಹಳೆಯ ಗೆಳೆಯ. ಇವರನ್ನು ಏರ್‌ಪೋರ್ಟಿಗೆ ಬಿಡಬೇಕಾದವನೂ ಅವನೇ. ಅವನ ಮಗಳು ಆಫ್ರೀನ್ ಸಾಕಿದ ಬೆಕ್ಕು ಬಾದಾಮ್. ಬಣ್ಣಕ್ಕೆ ಆ ಹೆಸರು, ಗಾತ್ರಕ್ಕೆ ಹಲಸು ಎಂದು ಕರೆಯಬೇಕಿತ್ತು.

"ಏನ್ ಸಾರ್, ಬೆಕ್ಕನ್ನ ಬಾಡಿಗೆಗೆ ಕೇಳ್ತಿದೀರಾ?" ಸಮದ್ ಹೊಟ್ಟೆ ಹಿಡಿದು ನಕ್ಕ. "ಆಯ್ತು. ಶನಿವಾರ ಬೆಳಿಗ್ಗೆ ಏರ್‌ಪೋರ್ಟ್ ಡ್ಯೂಟಿ ತಪ್ಪುತ್ತೆ ಅಂದ್ರೆ ನಾನೂ ರೆಡಿ. ಆದ್ರೆ ಆಫ್ರೀನ್ ಹತ್ತಕ್ಕೆ ಏಳ್ತಾಳೆ. ಅಷ್ಟರೊಳಗೆ ಬೆಕ್ಕು ಸೋಫಾ ಮೇಲಿರಬೇಕು. ಇಲ್ಲಾಂದ್ರೆ ನಾನು ಬೀದೀಲಿರ್ತೀನಿ."

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಮನೆಯ ಮುಂದೆ ಆರು ಪೆಟ್ಟಿಗೆಗಳು ಷಟ್ಪದಿಯ ಸಾಲುಗಳಂತೆ ನಿಂತಿದ್ದವು: ಎರಡು ಚಿಕ್ಕವು, ಒಂದು ಉದ್ದದ್ದು, ಮತ್ತೆ ಎರಡು ಚಿಕ್ಕವು, ಒಂದು ಉದ್ದದ್ದು. ಸಮದ್ ವ್ಯಾನು ನಿಲ್ಲಿಸಿ, ಪೊದೆಯ ಹಿಂದೆ ಬೆಕ್ಕಿನ ಬುಟ್ಟಿ ಹಿಡಿದು ಕೂತ. ರಘೋತ್ತಮ ದಾರಿಯ ಈಚೆ ಬದಿಯಲ್ಲಿ ನಿಂತ. ಅವನ ಬೆನ್ನ ಹಿಂದಿನ ಕೈಯಲ್ಲಿ ಮುಚ್ಚಳ ತೆರೆದ ಮೀನಿನ ಡಬ್ಬಿ. ಐವತ್ತು ವರ್ಷ ಮೊಟ್ಟೆಯನ್ನೂ ಮುಟ್ಟದ ಕೈ ಅದು. ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂಗಾರೆವ್ವ ಬಂದರು. ಧಾರವಾಡದ ಕಡೆಯವರು, ಅಳಿಯನ ಮನೆಗೆ ಆರು ತಿಂಗಳಿಗೆಂದು ಬಂದವರು. ಹೊತ್ತು ಹೋಗದೆ ಇಡೀ ಬೀದಿಯ ಸಂಸಾರ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ.

"ತಗೋ ತಮ್ಮಾ, ಜಪಾನ್‌ದಾಗ ಬರೇ ಅನ್ನ ತಿನ್ನಬ್ಯಾಡ್ರಿ. ಯಾಕ, ಅಳಾಕತ್ತೀಯೇನು? ವಾರದಾಗ ಬರ್ತೀರಲ್ಲಾ!"

ಬಾಗಿಲು ತೆರೆಯಿತು. ವಸುಧಾ ಬಲಗಾಲು ಹೊರಗಿಟ್ಟಳು. ಪೊದೆಯ ಹಿಂದೆ ಸಮದ್ ಬುಟ್ಟಿಯ ಬಾಗಿಲು ಎತ್ತಿದ. ಬಾದಾಮ್ ಹೊರಗೆ ಬಂತು. ಜನ್ಮದಲ್ಲಿ ಮೊದಲ ಸಲ ಬಿಸಿಲು ಕಂಡದ್ದಕ್ಕೋ ಏನೋ, ನಾಲ್ಕು ಹೆಜ್ಜೆ ಹಾಕಿ, ದಾರಿಯ ನಟ್ಟನಡುವೆ ಕೂತು ಹೊಟ್ಟೆ ನೆಕ್ಕಿಕೊಳ್ಳತೊಡಗಿತು.

"ಓ ಮೈ ಗಾಡ್, ಬಾದಾಮ್! ಹೌ ಡಿಡ್ ಯೂ ಗೆಟ್ ಔಟ್?" ವಿಭಾ ಓಡಿಬಂದಳು.

ವಸುಧಾ ಮೆಟ್ಟಿಲಲ್ಲೇ ನಿಂತಳು. "ರೀ, ಬೆಕ್ಕು..."

"ಅಯ್ಯೋ, ಅಡ್ಡ ಬಂತಲ್ಲ!" ರಘೋತ್ತಮ ದುಃಖದ ದನಿ ತೆಗೆದ.

"ಎಲ್ಲೈತಿ ಅಡ್ಡ?" ಬಂಗಾರೆವ್ವ ನ್ಯಾಯಕ್ಕೆ ನಿಂತರು. "ದಾಟಿದ್ರ ಅಪಶಕುನ. ಕುಂತ್ರ ಕುಂತೈತಿ, ಅಷ್ಟ. ಅದರ ಪಾಡಿಗೆ ಅದು ಕುಂತ್ರ ನಿಮಗೇನು?"

ರಘೋತ್ತಮನ ಕಿವಿ ಕೆಂಪಾಯಿತು. ಡಬ್ಬಿಯನ್ನು ಬೆನ್ನ ಹಿಂದೆಯೇ ಅಲ್ಲಾಡಿಸಿದ. ಬಾದಾಮ್ ಮೂಗು ಅರಳಿಸಿ ಎದ್ದಿತು. ಆದರೆ ಬಂದದ್ದು ನೇರ ಅವನ ಕಾಲ ಬುಡಕ್ಕೆ. ಒಂದು ಸುತ್ತು ಬಂತು. ಎರಡು ಸುತ್ತು ಬಂತು. ಮೂರನೆಯದನ್ನೂ ಮುಗಿಸಿತು.

"ಪ್ರದಕ್ಷಿಣಿ ಹಾಕಾಕತ್ತೈತಿ!" ಬಂಗಾರೆವ್ವ ಕೈ ಮುಗಿದರು. "ಭಾಳ ಛಲೋ ಶಕುನ ತಂಗೆವ್ವಾ. ಇಂಥ ಶಕುನ ನಾ ಎಲ್ಲೂ ಕಂಡಿಲ್ಲ. ಹೊಂಡ್ರಿ, ಹೊಂಡ್ರಿ!"

"ಥೂ, ಹಾಳಾದ್ದೇ!" ರಘೋತ್ತಮನ ವಾರದ ಸಿಟ್ಟೆಲ್ಲ ಒಂದೇ ಕಾಲಿಗೆ ಇಳಿದು, ಅವನು ನೆಲಕ್ಕೆ ರಪ್ಪನೆ ಒದ್ದ. ಬೆದರಿದ ಬೆಕ್ಕು ಬಾಣದಂತೆ ಹಾರಿ, ವಸುಧಾಳ ಮೂಗಿನ ಮುಂದೆಯೇ ದಾಟಿ ಗುಲಾಬಿಯ ಮಡಿಗೆ ಹೋಯಿತು. ಈ ಸಲ ಬಂಗಾರೆವ್ವನೂ ಅದು ದಾಟಿದ್ದೇ ಎಂದು ಒಪ್ಪಿದರು.

ಗೆದ್ದೆ ಎಂದುಕೊಂಡ ರಘೋತ್ತಮ. ವಸುಧಾ ಒಳಗೆ ಹೋದಳು. ದೇವರ ಮುಂದೆ ಹತ್ತು ನಿಮಿಷ ಕೂತು, ಒಂದು ಲೋಟ ನೀರು ಕುಡಿದು, ನಗುನಗುತ್ತ ಮತ್ತೆ ಹೊರಗೆ ಬಂದಳು. "ದೋಷ ಕಳೀತು. ನಡೀರಿ."

ಪರಿಹಾರವೊಂದಿದೆ ಎಂಬುದನ್ನೇ ಅವನು ಮರೆತಿದ್ದ! ಹಲ್ಲು ಕಡಿದು ಡಬ್ಬಿಯನ್ನು ತನ್ನ ಬೆನ್ನ ಹಿಂದಿನ ಹುಲ್ಲಿಗೆ ಎಸೆದ. ಬೆಕ್ಕು ಗುಲಾಬಿಯಿಂದ ನೆಗೆದು ಎರಡನೆಯ ಸಲ ದಾಟಿತು. ವಸುಧಾ ಮತ್ತೆ ಒಳಗೆ. ಮತ್ತೆ ಹತ್ತು ನಿಮಿಷ. ಮತ್ತೊಂದು ಲೋಟ ನೀರು.

"ಅಮ್ಮಾ, ದಿಸ್ ಈಸ್ ಇನ್‌ಸೇನ್!" ವಿಭಾ ಕಿರುಚಿದಳು. "ವಿ ಆರ್ ಗೋಯಿಂಗ್ ಟು ಸೀ ನೂರೈವತ್ತು ಬೆಕ್ಕು! ಅಲ್ಲಿ ಏನ್ ಮಾಡ್ತೀಯಾ? ನೂರೈವತ್ತು ಲೋಟ ನೀರು ಕುಡೀತೀಯಾ?"

"ಅಲ್ಲಿಗೆ ಹೋದ ಮೇಲೆ ಬಂದ್ರೆ ಅದು ದರ್ಶನ ಕಣೇ" ವಸುಧಾ ಒಳಗಿನಿಂದಲೇ ಹೇಳಿದಳು. "ಹೊರಡೋವಾಗ ಬಂದ್ರೆ ಅಪಶಕುನ. ಅಷ್ಟೂ ಗೊತ್ತಾಗಲ್ವಾ?"

ಗಂಟೆ ಎಂಟೂ ಮುಕ್ಕಾಲು. ಈಗ ಹೊರಟರೂ ವಿಮಾನ ಸಿಕ್ಕುತ್ತಿತ್ತು. ಸಮದ್ ಪೊದೆಯ ಹಿಂದಿನಿಂದ ಪಿಸುಗುಟ್ಟಿದ, "ಸಾರ್, ಸಾಕು ಬಿಡಿ. ಆಫ್ರೀನ್ ಕಿಟಕಿ ಪರದೆ ಸರೀತಿದೆ. ಬೆಕ್ಕು ಕೊಡಿ, ನನ್ನ ಮನೆ ಉಳಿಸಿ."

ರಘೋತ್ತಮ ಈಗ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಡಬ್ಬಿ ನೆಕ್ಕುತ್ತಿದ್ದ ಬಾದಾಮನ್ನು ಸೊಂಟಕ್ಕೆ ಕೈಹಾಕಿ ಎತ್ತಿದ. ಅದು ಅವನ ಎಡಗೆನ್ನೆಯ ಮೇಲೆ ನಾಲ್ಕು ಗೆರೆ ಬರೆಯಿತು. ಬಾಗಿಲು ತೆರೆದ ಸದ್ದಾಯಿತು. ಬೆಕ್ಕನ್ನು ಎದೆಗವಚಿಕೊಂಡು, ಧೋತ್ರ ಉಟ್ಟು ಓಟದ ಪಂದ್ಯಕ್ಕೆ ಇಳಿದವನ ಹಾಗೆ, ಅವನು ಹೆಂಡತಿಯ ಮುಂದೆ ಎಡದಿಂದ ಬಲಕ್ಕೆ ಓಡಿಯೇ ಬಿಟ್ಟ.



"ರೀ, ಈಗ ಅಡ್ಡ ಬಂದಿದ್ದು ಬೆಕ್ಕೋ, ನೀವೋ?" ವಸುಧಾ ಕೇಳಿದಳು.

"ಬೆಕ್ಕನ್ನ... ಹಿಡಿದು... ಸಮದ್‌ಗೆ ಕೊಡೋಣ ಅಂತ..." ಅವನು ಏದುಸಿರು ಬಿಟ್ಟ.

ಎಲ್ಲರೂ ಬಂಗಾರೆವ್ವನ ಮುಖ ನೋಡಿದರು. ಅವರು ಬಹಳ ಹೊತ್ತು ಯೋಚಿಸಿ ತಲೆಯಾಡಿಸಿದರು. "ಬೆಕ್ಕಷ್ಟ ಬಂದ್ರ ನೀರು ಕುಡೀಬಹುದು. ಗಂಡನೂ ಬೆಕ್ಕೂ ಕೂಡಿ ಅಡ್ಡ ಬಂದ್ರ ಪರಿಹಾರನ ಇಲ್ಲ ತಂಗೆವ್ವಾ. ಇವತ್ತ ಹೋಗಬ್ಯಾಡ್ರಿ."

ಪೆಟ್ಟಿಗೆಗಳು ಒಳಗೆ ಹೋದವು. ವಿಭಾ ಕಣ್ಣೀರು ಹಾಕುತ್ತ ಅಪ್ಪನ ಫೋನನ್ನೇ ಕಿತ್ತುಕೊಂಡು ವಿಮಾನದವರಿಗೆ ಕರೆ ಮಾಡಿದಳು. ಅವರು ಸಂಗೀತ ಹಾಕಿ ಅವಳನ್ನು ಕಾಯಿಸತೊಡಗಿದರು. ಗಂಟೆಗಳು ಕಳೆದರೂ ಸಂಗೀತ ನಿಲ್ಲಲಿಲ್ಲ. ಮೂರು ಗಂಟೆಗೆ ರಘೋತ್ತಮ ಸ್ನಾನ ಮಾಡಿ, ಕೈಯನ್ನು ಕಡಲೆಹಿಟ್ಟಿನಿಂದ ಆರು ಸಲ ತಿಕ್ಕಿ, ಬಿಳಿಯ ಪಂಚೆ ಉಟ್ಟ.

"ಹೇಗೂ ಇದೀನಲ್ಲ, ಗಮಕ ಕೇಳಿ ಬರ್ತೀನಿ" ಅಂದ, ಆದಷ್ಟು ಬೇಸರದ ಮುಖ ಮಾಡಿ.

"ಹೋಗಿಬನ್ನಿ. ನಿಮಗಾದ್ರೂ ಇವತ್ತು ಒಳ್ಳೇದಾಗ್ಲಿ" ಅಂದಳು ವಸುಧಾ. ಅವಳ ದನಿಯಲ್ಲಿದ್ದ ಮೃದುತ್ವ ಅವನಿಗೆ ಗೀರಿದ ಕೆನ್ನೆಗಿಂತ ಹೆಚ್ಚು ಉರಿಯಿತು.

ಹೇವರ್ಡ್‌ನ ಮನೆಯ ಮುಂದೆ ಒಂದು ಕಾರೂ ಇರಲಿಲ್ಲ. ಶಿವಪ್ರಕಾಶ್ ಚಡ್ಡಿ ಬನಿಯನ್ನಿನಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ. ಪಂಚೆಯುಟ್ಟು ಕೆನ್ನೆ ಗೀರಿಸಿಕೊಂಡ ರಘೋತ್ತಮನನ್ನು ಕಂಡು ಅವನ ಕೈಯ ಪೈಪು ಜಾರಿತು.

"ಏನ್ ಸಾರ್, ನೀವು ಜಪಾನ್ ವಿಮಾನದಲ್ಲಿರಬೇಕಿತ್ತಲ್ವಾ?"

"ವಾಚನ?"

"ನಿಮಗೆ ಬೆಳಿಗ್ಗೆನೇ ಮೆಸೇಜ್ ಹಾಕಿದ್ನಲ್ಲ! ಪೋಸ್ಟ್‌ಪೋನ್ ಆಯ್ತು. ಬನ್ನಿ, ಆಚಾರ್ರು ಕಾಫಿಗೆ ಅಂತ ಬಂದಿದಾರೆ, ಒಳಗೇ ಇದ್ದಾರೆ."

ಆಚಾರ್ಯರು ಕಾಫಿ ಕುಡಿಯುತ್ತಿದ್ದರು. ರಘೋತ್ತಮ ಕಾಲಿಗೆರಗಿದ. ಅವರು ಅವನ ತಲೆಯ ಮೇಲೆ ಕೈಯಿಟ್ಟು ನಕ್ಕರು.

"ಕಣ್ಮುಚ್ಚಿ ಕೇಳೋ ರಘೋತ್ತಮ ಅಂದ್ರೆ ನೀವೇ ಏನಪ್ಪಾ? ಇವತ್ತು ಬರೋರೆಲ್ಲ ಊಟಕ್ಕೆ ಬರೋರು, ಕೇಳೋರು ಒಬ್ಬರೇ, ಅವರೂ ಊರಲ್ಲಿಲ್ಲ ಅಂದ್ರು ಇವರು. ಕೇಳೋನಿಲ್ಲದೆ ಓದೋದು ಬಾವಿಯೊಳಗೆ ಕೂಗಿದ ಹಾಗೆ. ಅದಕ್ಕೇ ನಾನೇ ಹೇಳ್ದೆ, ನೀವು ಶುಕ್ರವಾರ ಬಂದುಬಿಡ್ತೀರಂತೆ, ಮುಂದಿನ ಶನಿವಾರ ಇಟ್ಕೊಳ್ಳಿ ಅಂತ. ಭಾನುವಾರ ನಾನು ಮೈಸೂರಿಗೆ ಹೊರಟೆ. ಮತ್ತೆ ಈ ದೇಶಕ್ಕೆ ಬರೋ ವಯಸ್ಸಲ್ಲ."

ರಘೋತ್ತಮನ ಕಣ್ಣು ತುಂಬಿತು. ವಾರದಿಂದ ಬೆಂದ ಸಿಟ್ಟೆಲ್ಲ ಇಳಿದುಹೋಯಿತು. ಅವನೊಬ್ಬನಿಗಾಗಿ ವಾಚನ ಮುಂದಕ್ಕೆ ಹೋಗಿದೆ! ಸುಮ್ಮನೆ ಜಪಾನಿಗೆ ಹೋಗಿ ಬಂದಿದ್ದರೂ ಸಾಕಿತ್ತು ಎಂಬ ಯೋಚನೆ ಒಂದು ಗಳಿಗೆ ಚುಚ್ಚಿದರೂ, ಹೋಗಲಿ, ಇನ್ನೊಂದು ವಾರ ತಾನೇ ಎಂದುಕೊಂಡ. ದಾರಿಯುದ್ದಕ್ಕೂ ಕಾರಿನೊಳಗೆ ಗುನುಗುತ್ತ ಮನೆಗೆ ಬಂದ.

ಬಾಗಿಲಲ್ಲೇ ವಿಭಾ ಅವನನ್ನು ತಬ್ಬಿಕೊಂಡಳು. "ಅಪ್ಪಾ! ಆರು ಗಂಟೆ ಹೋಲ್ಡ್! ಬಟ್ ಐ ಡಿಡ್ ಇಟ್! ಮುಂದಿನ ಶನಿವಾರ ಹೋಗ್ತಿದೀವಿ! ಸೇಮ್ ಫ್ಲೈಟ್!"

"ಶನಿವಾರ..." ರಘೋತ್ತಮನ ಗುನುಗು ನಿಂತಿತು. "ಬೇರೆ ದಿನ..."

"ಒಂದೇ ಸಲ ಚೇಂಜ್ ಮಾಡೋಕೆ ಬಿಡೋದಂತೆ ರೀ" ವಸುಧಾ ಕಾಫಿ ತಂದಿಟ್ಟಳು. "ನಾನೇ ಶನಿವಾರ ಕೇಳು ಅಂದೆ. ಪಾಪ, ನಿಮ್ಮ ಗಮಕಾನೂ ಇವತ್ತು ಮುಗೀತು. ಇನ್ನು ಮನಸ್ಸಿಗೆ ಚಿಂತೆ ಇಲ್ದೆ ಬೆಕ್ಕು ನೋಡ್ಬಹುದು. ಹೇಗಿತ್ತು ರೀ ವಾಚನ? ಕಣ್ಣೆಲ್ಲ ಒದ್ದೆ ಆಗಿದೆ!"

ರಘೋತ್ತಮ ಬಾಯಿ ತೆರೆದ. ವಾಚನ ಆಗಲಿಲ್ಲ ಎನ್ನಬಹುದಿತ್ತು. ಆದರೆ ಆರು ಗಂಟೆ ಫೋನು ಹಿಡಿದು ಕೆಂಪಾಗಿದ್ದ ಮಗಳ ಕಿವಿ ಕಾಣಿಸಿತು. ಸೀಟಿ ಹೊಡೆಯಬೇಕಾದ ಹೊತ್ತಿಗೆ ಕುಕ್ಕರು ಎಂದಿನಂತೆ ಸುಮ್ಮನಾಯಿತು. ಅವನ ತಲೆಯಲ್ಲಿ ಉಳಿದಿದ್ದುದು ಒಂದೇ ದಾರಿ. ಕಿಟಕಿಯಿಂದ ಎದುರುಮನೆಯ ಸೋಫಾದ ಕಡೆ ಇಣುಕಿದ.

ಸೋಫಾ ಕಾಣಲಿಲ್ಲ. ಕಿಟಕಿಗೆ ಅಡ್ಡವಾಗಿ ಬಂಗಾರೆವ್ವ ನಿಂತಿದ್ದರು, ಅಳಿಯನ ಗಾಲ್ಫ್ ಕೋಲು ಹೆಗಲಿಗೇರಿಸಿಕೊಂಡು.

"ಕಾಳಜಿ ಬಿಡು ತಮ್ಮಾ" ಅವರು ಗಾಜಿನಾಚೆಯಿಂದಲೇ ಕೂಗಿದರು. "ಮುಂದಿನ ಶನಿವಾರ ನಸುಕಿನಾಗ ಬಂದು ನಾನ ದಾರಿ ಕಾಯ್ತೀನಿ. ಬೆಕ್ಕಿರ್ಲಿ, ಗಂಡಿರ್ಲಿ, ಯಾವಾಂವ ಅಡ್ಡ ಬರ್ತಾನ ನೋಡೇ ಬಿಡೂಣು!"